ನಾಲ್ಕು ಗೆರೆ

ಮೂರನೆಯ ಸಲ ಸೋಪು ಹಚ್ಚಿಕೊಂಡಾಗ, ತಾನು ಇನ್ನೂ ಕುದುರೆಯ ಹತ್ತಿರ ಹೋಗಿಯೇ ಇಲ್ಲ ಎಂಬುದು ಯಶೋದಳಿಗೆ ಹೊಳೆಯಿತು. ಹೋಗಿ ಬಂದ ಮೇಲೆ ತೊಳೆಯಬೇಕಾದ ಕೈ. ಎಷ್ಟೋ ಭಾನುವಾರಗಳಿಂದ ಅದೇ ಕ್ರಮ: ಸವಾರಿ ಮುಗಿಸಿ ಬರುವಾಗ ಇಂದಿರಾನಗರದ ಟೆಲಿಫೋನ್ ಎಕ್ಸ್‌ಚೇಂಜಿಗೆ ಹೊಕ್ಕು, ಅಲ್ಲಿನ ನಲ್ಲಿಯಲ್ಲಿ ಮೊಣಕೈವರೆಗೆ ಉಜ್ಜಿ, ಬೂಟನ್ನು ತನ್ನ ಕಪಾಟಿನಲ್ಲಿ ಮುಚ್ಚಿಟ್ಟು, ಚಪ್ಪಲಿ ಮೆಟ್ಟಿ, ಆಮೇಲೆ ಸಿ.ವಿ. ರಾಮನ್ ನಗರದ ಮನೆಗೆ. ಎಕ್ಸ್‌ಚೇಂಜಿನ ಇಂಜಿನಿಯರಾದ ಅವಳಿಗೆ ಭಾನುವಾರವೂ ಕೆಲಸವಿರುವುದು ಅನುಮಾನಪಡುವ ಸಂಗತಿಯೇನಲ್ಲ. ಆದರೂ ಅಮ್ಮ, ಚಿಕ್ಕಮುನಿಯಮ್ಮ, ಪೊರೆ ಬಂದ ಕಣ್ಣನ್ನು ಬಚ್ಚಲಿನ ಕಡೆ ತಿರುಗಿಸಿ ಕುಳಿತಿದ್ದಳು. ಅವಳು ಈಗ ನೋಡುವುದೆಲ್ಲ ಮೂಗಿನಿಂದ.

"ಇವತ್ತೂ ಲೈನು ಕೆಟ್ಟೋಗದಾ?"

"ಹೂಂ ಅಮ್ಮ."

"ಊರ್ನೋರ ಫೋನೆಲ್ಲಾ ಭಾನುವಾರವೇ ಕೆಡ್ತದೆ. ಒಂದಿನ ಬಿಸಿ ಮುದ್ದೆ ಉಣ್ಣೇ ಅಂದ್ರೆ ನಿಂಗೆ ಟೇಮಿಲ್ಲ."

ಯಶೋದ ಕೈ ಒರೆಸಿಕೊಂಡು, ಅಮ್ಮನಿಗೆ ತಾಗದಂತೆ ಸುತ್ತುಹಾಕಿ ಹೊರಗೆ ಬಂದಳು. ಮುದುಕಿಯನ್ನು ಮುಟ್ಟದೆ ದಾಟುವುದು ಈ ಮೂರು ತಿಂಗಳಲ್ಲಿ ಅಭ್ಯಾಸವಾಗಿಬಿಟ್ಟಿತ್ತು. ಮುಟ್ಟದೆ ದಾಟುವುದು. ಆ ಮಾತು ಕೈನೆಟಿಕ್ ಹೋಂಡಾ ಸ್ಟಾರ್ಟ್ ಮಾಡುವಾಗಲೂ, ಕಗ್ಗದಾಸಪುರದ ಕಡೆ ತಿರುಗುವಾಗಲೂ ಬಾಯೊಳಗೆ ಕಲ್ಲಿನಂತೆ ಹೊರಳುತ್ತಿತ್ತು.

ರೈಲ್ವೆ ಗೇಟು ಹಾಕಿತ್ತು. ಗೂಡ್ಸು ಗಾಡಿ, ಮುಗಿಯುವಂತೆ ಕಾಣಲಿಲ್ಲ. ಗೇಟು ತೆಗೆಯುವಷ್ಟರಲ್ಲಿ ಸವಾರಿ ಶಾಲೆಯ ಕೆಂಪರಾಜನಿಗೆ ಹೇಳಬೇಕಾದ ಮಾತನ್ನು ಕೂಡಿಸಿಕೊಳ್ಳಬೇಕೆಂದು ಇಂಜಿನ್ ಆರಿಸಿದಳು. ಮಾತು ಚಿಕ್ಕದು. ಬೇಗಂ ಕುದುರೆಯ ಕಾಲಿಗೆ ಕಲ್ಲು ಸೇರಿದ್ದು ನನ್ನಿಂದ, ಲಾಯದ ವಾಜಿದ್‌ನಿಂದ ಅಲ್ಲ; ಅವನನ್ನು ವಾಪಸ್ ಕರೆಸಿ. ಇಷ್ಟೇ. ಆದರೆ ಯಾಕೆ ಎಂದು ಕೆಂಪರಾಜ್ ಕೇಳುತ್ತಾನೆ. ಆ ಯಾಕೆಗೆ ಉತ್ತರ ಈ ಹಳಿಯಾಚೆ, ದೊಡ್ಡನೆಕ್ಕುಂದಿಯನ್ನೂ ದಾಟಿ, ಮೂವತ್ತು ವರ್ಷಗಳ ಹಿಂದೆ ಒಂದು ದ್ರಾಕ್ಷಿ ತೋಟದ ಬೇಲಿಯ ಹೊರಗೆ ಕೂತಿತ್ತು. ದಂಡಿನ ಲಾಯಗಳಿಂದ ಎತ್ತಿನ ಗಾಡಿಯಲ್ಲಿ ಕುದುರೆ ಲದ್ದಿ ಬರುತ್ತಿತ್ತು. ಕೇರಿಯ ಹೆಂಗಸರು ಅದನ್ನು ಬರಿಗೈಲಿ ಬುಟ್ಟಿಗೆ ತುಂಬಿ, ತಲೆಯ ಮೇಲೆ ಹೊತ್ತು, ಒಂದೊಂದು ಬಳ್ಳಿಯ ಬುಡಕ್ಕೂ ಸುರಿಯಬೇಕು. ಮಳೆ ಬಂದ ದಿನ ಬುಟ್ಟಿಯ ಸಂದಿಯಿಂದ ಹಸಿರು ನೀರು ಅಮ್ಮನ ಹಣೆಯ ಮೇಲೆ ಇಳಿದು ಕುಂಕುಮವನ್ನು ಒದ್ದೆ ಮಾಡುತ್ತಿತ್ತು. ತೋಟದ ಯಜಮಾನ ಮುನಿವೆಂಕಟಪ್ಪ ಮಧ್ಯಾಹ್ನ ಮಜ್ಜಿಗೆ ಕೊಡಿಸುತ್ತಿದ್ದ. ಆಳು ಎತ್ತರದಿಂದ ಸುರಿಯುತ್ತಿದ್ದ, ಹೆಂಗಸರು ಬೊಗಸೆ ಒಡ್ಡಿ ಕುಡಿಯುತ್ತಿದ್ದರು, ಆ ಬೊಗಸೆಯಲ್ಲೇ. ಯಶೋದ ಎಸ್ಸೆಸೆಲ್ಸಿ ಪಾಸಾದ ದಿನ ಅಮ್ಮ ಅವಳ ಎರಡೂ ಕೈಯನ್ನು ಬಕೆಟ್ಟಿನ ನೀರಿನಲ್ಲಿ ಅದ್ದಿ, ತೊಳೆದು, ತನ್ನ ಸೆರಗಿನಲ್ಲಿ ಒರೆಸಿ ಹೇಳಿದ್ದಳು: "ಈ ಕೈ ಲದ್ದಿ ಮುಟ್ಟಿದ ದಿನ ನನ್ನ ಹೆಣ ನೋಡ್ದಂಗೆ ತಿಳ್ಕೋ."

ಗೇಟು ತೆಗೆಯಿತು. ಹಿಂದಿನವನು ಹಾರನ್ ಹೊಡೆದ. ಮಾತು ಕೂಡಿರಲಿಲ್ಲ.

ತೋಟ ಈಗಿಲ್ಲ. ಮೂರು ಕಡೆ ಸೈಟು ಮಾಡಿ ಮಾರಿದ ಮೇಲೆ ಉಳಿದ ತುಂಡಿನಲ್ಲಿ ಮುನಿವೆಂಕಟಪ್ಪನ ಮಗ ಕೆಂಪರಾಜ್ ರೇಸಿನಿಂದ ಹೊರಬಿದ್ದ ಐದು ಕುದುರೆ ಕಟ್ಟಿ, ಕಂಪನಿಗಳಲ್ಲಿ ಕೆಲಸ ಮಾಡುವವರಿಗೂ ಅವರ ಮಕ್ಕಳಿಗೂ ಸವಾರಿ ಕಲಿಸುವ ಶಾಲೆ ತೆರೆದಿದ್ದ. ಅವನ ಫೋನಿನ ಕಂಪ್ಲೇಂಟ್ ನೋಡಲು ಬಂದವಳು ಯಶೋದ. ಕಂಬ ಎಲ್ಲಿದೆ ಎಂದು ಹುಡುಕುತ್ತ ಹಿಂದಕ್ಕೆ ಹೋದಾಗ ಹಳೆಯ ಬಾವಿ ಕಂಡಿತು. ಕಟ್ಟೆಯ ಮುರಿದ ಮೂಲೆ ಹಾಗೇ ಇತ್ತು. ಕೆಂಪರಾಜ್ ಸ್ಟೀಲ್ ಲೋಟದಲ್ಲಿ ಕಾಫಿ ತಂದು ಅವಳ ಕೈಗೇ ಕೊಟ್ಟು, "ನೀವೂ ಕಲೀರಿ ಮೇಡಂ, ಮೂವತ್ತೊಂಬತ್ತೇನು ವಯಸ್ಸಾ" ಎಂದಿದ್ದ. ಕಲಿಯುತ್ತೇನೆ ಎಂದಳು. ಅಮ್ಮ ದುಡಿಯುವಾಗ ಬೇಲಿಯ ಹೊರಗೆ ಕೂತಿರುತ್ತಿದ್ದ ಅಂದಿನ ಮಗು ಅವಳ ಬಾಯಿಂದ ಆ ಮಾತು ಆಡಿಸಿತ್ತು. ಎಂಬತ್ತರ ದಶಕದಲ್ಲಿ ಹಲಸೂರಿನ ಒಂದು ಶಾಲಾಕೋಣೆಯಲ್ಲಿ ಪ್ರತಿ ವಾರ ಸೇರುತ್ತಿದ್ದ ಓದುಬಳಗದಲ್ಲಿ ಅವಳು ಬರೆದು ಓದಿದ ಪ್ರಬಂಧವೂ ಆಡಿಸಿರಬೇಕು. ಯಾರ ಕೈಯಲ್ಲಿ ಲದ್ದಿ ಇದೆಯೋ ಅವರ ಕೈಗೆ ಲಗಾಮು ಬರಬೇಕು ಎಂದು ಅದರಲ್ಲಿತ್ತು. ಎಲ್ಲರೂ ಮೇಜು ಕುಟ್ಟಿದ್ದರು. ಲಗಾಮು ಬಂದ ಮೇಲೆ ಲದ್ದಿ ಯಾರ ಕೈಗೆ ಹೋಗುತ್ತದೆ ಎಂದು ಆ ಕೋಣೆಯಲ್ಲಿ ಯಾರೂ ಕೇಳಲಿಲ್ಲ, ಅವಳೂ ಕೇಳಿಕೊಳ್ಳಲಿಲ್ಲ.

ಅದು ವಾಜಿದ್‌ನ ಕೈಯಲ್ಲಿತ್ತು. ಅರವತ್ತರ ಹತ್ತಿರದ, ಮಂಡಿ ಹೊರಕ್ಕೆ ಬಾಗಿದ ಮನುಷ್ಯ. ಶಿವಾಜಿನಗರದವನು, ಜಟಕಾ ಹೊಡೆಯುವವರ ಮನೆಯಲ್ಲಿ ಹುಟ್ಟಿ ಕುದುರೆಗಳ ನಡುವೆಯೇ ಮುದುಕನಾದವನು. ಬೇಗಂ ಎಂದು ಹೆಸರಿಟ್ಟದ್ದೂ ಅವನೇ. ಕಂದು ಬಣ್ಣದ ಹೆಣ್ಣು ಕುದುರೆ, ಹಣೆಯ ಮೇಲೆ ಬಿಳಿಯ ಚುಕ್ಕೆ. ಮೊದಲ ದಿನ ಹತ್ತಿಸಲೇ ಇಲ್ಲ. "ಕೂರೋದು ಆಮೇಲೆ ಮೇಡಂ. ಮೊದ್ಲು ನಿಮ್ ವಾಸನೆ ಅವ್ಳಿಗೆ ಗೊತ್ತಾಗ್ಲಿ" ಎಂದು ಬ್ರಷ್ಷು ಕೊಟ್ಟು ಮೈ ತಿಕ್ಕಿಸಿದ. ಮೈ ತಿಕ್ಕಿದಳು, ಹುರುಳಿ ತಿನಿಸಿದಳು, ಜೀನು ಕಟ್ಟುವುದನ್ನು ಕಲಿತಳು. ನಾಲ್ಕನೆಯ ವಾರ ಬಿದ್ದು ಸೊಂಟ ಊದಿಸಿಕೊಂಡು ಅಮ್ಮನಿಗೆ ಎಕ್ಸ್‌ಚೇಂಜಿನ ಮೆಟ್ಟಿಲು ಜಾರಿತೆಂದು ಹೇಳಿದಳು. ಆರನೆಯ ವಾರ ಬೇಗಂ ಅವಳನ್ನು ಹೊತ್ತು ದುಡುದುಡು ಓಡಿದಾಗ, ಕಣ್ಣು ಬೇಲಿಗಿಂತ ಎತ್ತರದಲ್ಲಿದ್ದಾಗ, ಬಾವಿಯ ಕಟ್ಟೆ ಕೆಳಗೆಲ್ಲೋ ಸರಿದುಹೋದಾಗ, ಲಗಾಮನ್ನು ಎರಡೂ ಕೈಯಲ್ಲಿ ಹಿಡಿದು ಹಲ್ಲು ಕಚ್ಚಿ ಕೂತಿದ್ದಳು.

ಗೊರಸು ಮಾತ್ರ ಆಗಲಿಲ್ಲ. ಹತ್ತುವ ಮೊದಲೂ ಇಳಿದ ಮೇಲೂ ಸವಾರಿ ಮಾಡಿದವರೇ ನಾಲ್ಕೂ ಕಾಲೆತ್ತಿ, ಕೊಕ್ಕೆಯಿಂದ ಗೊರಸಿನೊಳಗಿನ ಮಣ್ಣು, ಲದ್ದಿ, ಕಲ್ಲು ಕೆರೆದು ತೆಗೆಯಬೇಕು. ಅದು ವಾಜಿದ್‌ನ ಕಟ್ಟಳೆ. ಇಳಿದ ಮೇಲೆ ತೆಗೆದದ್ದಕ್ಕೆ ಗುರುತಾಗಿ ಲಾಯದ ಬಾಗಿಲಿಗೆ ತೂಗುಹಾಕಿದ ಸ್ಲೇಟಿನಲ್ಲಿ ಕಾಲಿಗೊಂದರಂತೆ ಸೀಮೆಸುಣ್ಣದ ಗೆರೆ. ಅವನಿಗೆ ಓದು ಬರದು, ಗೆರೆ ಓದುತ್ತಿದ್ದ. ಭಾನುವಾರ ಮಧ್ಯಾಹ್ನ ಮನೆಗೆ ಹೋಗಿ ಮಂಗಳವಾರ ಬೆಳಿಗ್ಗೆ ಬರುವವನು, ಹೊರಡುವಾಗ ಐದೂ ಸ್ಲೇಟುಗಳ ಮೇಲೆ ಕಣ್ಣಾಡಿಸಿ, ಎಲ್ಲದರಲ್ಲೂ ನಾಲ್ಕು ಕಂಡರೆ ನಿಶ್ಚಿಂತೆಯಿಂದ ಬಸ್ಸಿಗೆ ಓಡುತ್ತಿದ್ದ. ಯಶೋದ ಮೊದಲು ಲೈನ್‌ಮನ್‌ಗಳ ಕೆಂಪು ರಬ್ಬರ್ ಗ್ಲೌಸು ತಂದು ಹಾಕಿಕೊಂಡಿದ್ದಳು. ಅವನು ಬಿದ್ದು ಬಿದ್ದು ನಕ್ಕ. "ಕರೆಂಟ್ ಹೊಡಿಯಲ್ಲ ಮೇಡಂ, ಕುದ್ರೆ ಇದು. ಗ್ಲೌಸಲ್ಲಿ ಬಿಸಿ ಗೊತ್ತಾಗಲ್ಲ. ಕಾಲು ಕೆಟ್ರೆ ಮೊದ್ಲು ಗೊರಸು ಬಿಸಿ ಆಗ್ತದೆ. ಅಂಗೈಗೇ ಗೊತ್ತಾಗ್ಬೇಕು." ಅವಳು ನಕ್ಕಂತೆ ಮಾಡಿದಳು. ಆಮೇಲೆ ಅವನು ಅತ್ತ ತಿರುಗಿದಾಗ ಕಾಲೆತ್ತಿದಂತೆ ಮಾಡಿ ಇಳಿಸುವುದನ್ನು ಕಲಿತಳು. ಕಲಿತದ್ದರಲ್ಲಿ ಅದೇ ಬೇಗ ಬಂತು. ಒಮ್ಮೊಮ್ಮೆ ಅವನೇ ಬಂದು ಕೆರೆಯುತ್ತಿದ್ದ, ಆಗ ಪಕ್ಕದಲ್ಲಿ ನಿಂತು ಬೇಗಂಳ ಕುತ್ತಿಗೆ ಸವರುತ್ತಿದ್ದಳು. ಆ ಭಾನುವಾರ ಹೊಸ ಲೇಔಟಿಗೆ ಸುರಿದ ಜಲ್ಲಿಯ ಮೇಲೆ ಸವಾರಿ ಮಾಡಿ ಬಂದು, ಅವನು ಇನ್ನೊಂದು ಕುದುರೆಯ ಹತ್ತಿರ ಇದ್ದಾಗ, ಒಂದು ಕಾಲನ್ನೂ ಎತ್ತದೆ ನಾಲ್ಕು ಗೆರೆ ಎಳೆದಳು. ನೇರವಾದ, ಸಮನಾದ ಗೆರೆಗಳು, ಇಂಜಿನಿಯರಿನ ಕೈ.

ಮುಂದಿನ ಭಾನುವಾರ ಹೋದಾಗ ಬೇಗಂ ಎಡಗಡೆಯ ಮುಂಗಾಲನ್ನು ನೆಲಕ್ಕೆ ಊರದೆ ನಿಂತಿದ್ದಳು. ಲಾಳ ಕಟ್ಟುವವನು ಬಂದು ಗೊರಸು ಕೊರೆದ. ಹೊರಗೆ ಕಾಣದಷ್ಟು ಆಳಕ್ಕೆ ಇಳಿದಿದ್ದ ಹುಣಸೆಬೀಜದಷ್ಟು ಜಲ್ಲಿ, ಅದರ ಹಿಂದೆಯೇ ಕಪ್ಪು ಕೀವು. "ಒಂದು ವಾರದ್ದು" ಎಂದ ಅವನು. ಕೆಂಪರಾಜ್ ಸ್ಲೇಟನ್ನು ಕಿತ್ತು ತಂದು ವಾಜಿದ್‌ನ ಮುಖದ ಮುಂದೆ ಹಿಡಿದ. ಗೆರೆಗಳು ಹಾಗೇ ಇದ್ದವು. ವಾರವಿಡೀ ಬೇಗಂ ಮೇಲೆ ಬೇರೆ ಯಾರೂ ಕೂತಿರಲಿಲ್ಲ.

"ಮೇಡಂ ನಾಲ್ಕೂ ತೆಗ್ದವ್ರೆ. ಕಲ್ಲೆಲ್ಲಿಂದ ಬಂತೋ?"

ಯಶೋದ ಬಾಯಿ ತೆರೆದಳು. ಅವಳಿಗೆ ಈಗಲೂ ಖಂಡಿತ ಗೊತ್ತು, ತೆರೆದಳು. ಆದರೆ ವಾಜಿದ್ ಮೊದಲೇ ಮಾತಾಡಿದ. ಮೆಲ್ಲಗೆ, ಲೆಕ್ಕ ಬಿಡಿಸುವವನ ಹಾಗೆ. "ಮೇಡಂ ತೆಗ್ದಾದ್ಮೇಲೆ ನಾನು ಹತ್ತು ನಿಮಿಷ ಮೇಯಕ್ ಬಿಟ್ಟಿದ್ದೆ ಸಾಬ್. ಆವಾಗ್ಲೇ ಹೊಕ್ಕಿರ್ಬೇಕು. ಕಟ್ಟುವಾಗ ಮತ್ತೆ ನೋಡ್ಬೇಕಿತ್ತು. ಬಸ್ಸಿಗೆ ಟೈಮಾಯ್ತು ಅಂತ ನೋಡ್ಲಿಲ್ಲ. ನಂದೇ ಇದು." ಅವನು ಅವಳನ್ನು ಕಾಪಾಡುತ್ತಿರಲಿಲ್ಲ. ಗೆರೆಯನ್ನು ನಂಬಿದ್ದ. ಗೆರೆ ನಿಜವಾದರೆ ತಪ್ಪು ತನ್ನದೇ ಆಗಬೇಕು ಎಂಬ ದಾರಿಯಲ್ಲಿ ಒಂದೊಂದೇ ಹೆಜ್ಜೆ ನಡೆದು ಅಲ್ಲಿಗೆ ತಲುಪಿದ್ದ. ಯಶೋದಳ ಬಾಯಿ ಮುಚ್ಚಿಕೊಂಡಿತು. "ಈ ಸಾಬ್ರನ್ನ ನಂಬಿ ಕೂತ್ರೆ ಇಷ್ಟೇ ಮೇಡಂ" ಎಂದು ಕೆಂಪರಾಜ್ ಅವಳ ಕಡೆ ತಿರುಗಿ ಹೇಳಿದಾಗ, ಅವಳು ತಲೆಯಾಡಿಸಿರಲಿಲ್ಲ ಎಂದು ಆಣೆ ಇಟ್ಟು ಹೇಳಲಾರಳು. ನಾಳೆಯಿಂದ ಬರಬೇಡ ಎಂದು ಕೆಂಪರಾಜ್ ಹೇಳಿದ ಮೇಲೆ ವಾಜಿದ್ ತನ್ನ ಕೊಕ್ಕೆಯನ್ನು ಮೊಳೆಗೆ ತೂಗುಹಾಕಿ, ಟವಲು ಹೆಗಲಿಗೆ ಹಾಕಿಕೊಂಡು, ಬೇಗಂಳ ಕಡೆ ನೋಡದೆ ನಡೆದುಹೋದ.

ಬುಧವಾರ ರಜೆ ಹಾಕಿ ಶಿವಾಜಿನಗರಕ್ಕೆ ಹೋದಳು. ಮಸೀದಿಯ ಹಿಂದಿನ ಗಲ್ಲಿ, ಕೆಳಗೆ ಎಸ್‌ಟಿಡಿ ಬೂತು, ಮೇಲೆ ಒಂದು ಕೋಣೆ. ಆ ಬೂತಿಗೆ ಅವಳು ಹಿಂದಿನ ಎರಡು ದಿನದಲ್ಲಿ ಮೂರು ಸಲ ಫೋನು ಮಾಡಿ, ಅಂಗಡಿಯವನ ದನಿ ಕೇಳಿದೊಡನೆ ಇಟ್ಟುಬಿಟ್ಟಿದ್ದಳು. ಮೇಲಿನ ಕೋಣೆಯಲ್ಲಿ ವಾಜಿದ್‌ನ ಹೆಂಡತಿ ಮೆಹರುನ್ನೀಸಾ ಕುರ್ಚಿಯನ್ನು ದುಪಟ್ಟಾದಿಂದ ಒರೆಸಿ ಕೂರಿಸಿದಳು. "ಲಾಯದಿಂದ ಯಾರೂ ಹೀಗೆ ಮನೆ ತನಕ ಬಂದಿಲ್ಲ. ನೀವು ದೊಡ್ಡೋರು" ಎಂದಳು. ವಾಜಿದ್ ನೆಲದ ಮೇಲೆ ಕೂತು ತನ್ನ ಎರಡೂ ಅಂಗೈ ನೋಡಿಕೊಳ್ಳುತ್ತಿದ್ದ. "ಕೋಪ ಇಲ್ಲ ಮೇಡಂ ನಂಗೆ ಸಾಬ್ ಮೇಲೆ. ನಲ್ವತ್ತು ವರ್ಷ ಮರ್ತಿದ್ದಿಲ್ಲ. ಈಗ ಮರ್ತೆ ಅಂದ್ರೆ ಕೈ ಹೋಯ್ತು ಅಂತ. ಇನ್ನೊಂದು ಪ್ರಾಣಿ ಕಾಲು ಕೆಡ್ಸೋ ಮೊದ್ಲು ಬಿಡೋದೇ ಸರಿ. ಮಗ್ಳು ಹೇಳ್ತಾವ್ಳೆ, ಯಾವ್ದೋ ಗೇಟಲ್ಲಿ ವಾಚ್‌ಮನ್ ಕೆಲ್ಸ ಇದ್ಯಂತೆ." ಯಶೋದ ಚಹಾ ಕುಡಿದಳು. ಬಿಸ್ಕತ್ತು ತಿಂದಳು. ಇನ್ನೊಂದು ತಿನ್ನಿ ಎಂದಾಗ ಇನ್ನೊಂದು ತಿಂದಳು. ಆ ಬಿಸ್ಕತ್ತಿನ ಪುಡಿ ಸೀರೆಯ ಮೇಲೆ ಬಿದ್ದದ್ದನ್ನು ಬೆರಳಿನಿಂದ ಒಂದೊಂದಾಗಿ ಆರಿಸುತ್ತ ಕೂತಿದ್ದು, ಕೊನೆಗೆ ಎದ್ದು, "ಎಲ್ಲಾ ಸರಿ ಹೋಗುತ್ತೆ ವಾಜಿದ್ ಭಾಯ್" ಎಂದಳು. ಮೆಟ್ಟಿಲಿಳಿಯುವಾಗ ತನ್ನದೇ ದನಿ ಅವಳಿಗೆ ಹೇಸಿಗೆ ತಂದಿತು.

ಇವತ್ತು ಸವಾರಿ ಶಾಲೆಯ ಗೇಟು ತೆರೆದೇ ಇತ್ತು. ಕೆಂಪರಾಜ್ ಬರ್ಮುಡಾ ಚಡ್ಡಿಯಲ್ಲಿ, ಮೊಬೈಲು ಕೈಯಲ್ಲಿ ಹಿಡಿದು ಅಂಗಳದಲ್ಲಿ ನಿಂತಿದ್ದ.

"ಬನ್ನಿ ಇಂಜಿನಿಯರ್ ಮೇಡಂ. ಬೇಗಂ ಬೇಡ ಇವತ್ತು, ಬಿಳೀದು ತಗೊಳ್ಳಿ. ಆಳು ಇನ್ನೂ ಸಿಕ್ಕಿಲ್ಲ, ಎಂಟು ದಿನದಿಂದ ಲಾಯ ಹಂಗೇ ಬಿದ್ದದೆ. ಮತ್ತೆ, ಇನ್ಮೇಲೆ ಈ ಗೊರಸು ಗಿರಸು ನೀವು ಮುಟ್ಬೇಡಿ. ನಿಮ್ಮಂಥೋರು ಮಾಡೋ ಕೆಲ್ಸ ಅಲ್ಲ ಅದು. ಆ ಮುದ್ಕ ಸುಮ್ನೆ ರೂಲ್ಸ್ ಮಾಡಿದ್ದ."

ಅಷ್ಟು ವರ್ಷ ಈ ಮಾತಿಗಾಗಿಯೇ ಅಮ್ಮ ಬುಟ್ಟಿ ಹೊತ್ತಿದ್ದಳು. ಇದೇ ನೆಲದಲ್ಲಿ, ಇದೇ ಮನೆಯವನ ಬಾಯಿಂದ, ಯಾರೂ ಕೇಳದೆ ಬಂದಿತ್ತು.

"ಆ ಗೆರೆ ಸುಳ್ಳು, ಕೆಂಪರಾಜ್. ನಾನು ಒಂದು ಕಾಲನ್ನೂ ಎತ್ತಿರಲಿಲ್ಲ. ಕಲ್ಲು ಜಲ್ಲಿ ರಸ್ತೇಲೇ ಹೊಕ್ಕಿದೆ. ವಾಜಿದ್ ಭಾಯ್‌ದು ಏನೂ ತಪ್ಪಿಲ್ಲ."

ಅವನು ನಕ್ಕ. "ಅವ್ನು ಬಂದು ಅತ್ನಾ ನಿಮ್ಮನೇಲಿ?"

"ಇಲ್ಲ. ನಾನೇ ಹೋಗಿದ್ದೆ."

"ನೋಡಿ, ಅದೇ. ನಿಮ್ದು ಮೆತ್ತನೆ ಮನಸ್ಸು. ಅಲ್ಲ ಮೇಡಂ, ಅವ್ನೇ ಒಪ್ಕೊಂಡವ್ನೆ, ನೀವ್ಯಾಕೆ ಮೈಮೇಲೆ ಎಳ್ಕೊಳ್ತೀರಿ? ನೀವು ಓದಿರೋರು, ಆಫೀಸರು. ಸುಳ್ಳು ಗೆರೆ ಎಳೀತೀರಾ? ಯಾರಾದ್ರೂ ನಂಬ್ತಾರಾ?"

"ಎಳೆದಿದೀನಿ."

"ಕಾಫಿ ಕುಡೀರಿ ಮೊದ್ಲು." ಅವನು ಒಳಗೆ ಹೊರಟ. ಅವಳ ತಪ್ಪು ಅಂಗಳದ ನಡುವೆ ಯಾರೂ ಎತ್ತಿಕೊಳ್ಳದ ಮಗುವಿನ ಹಾಗೆ ಉಳಿಯಿತು. ಸುಮ್ಮನೆ ಕಾಫಿ ಕುಡಿದು, ಬಿಳಿಯ ಕುದುರೆ ಹತ್ತಿ ಹೋಗಬಹುದಿತ್ತು. ಹೇಳಬೇಕಾದ್ದನ್ನು ಹೇಳಿಯಾಗಿತ್ತಲ್ಲ. ಹಾಗೆ ಅಂದುಕೊಂಡದ್ದನ್ನು ಅವಳು ಆಮೇಲೂ ಮರೆಯಲಾರಳು.

"ಇಲ್ಲಿ ದ್ರಾಕ್ಷಿ ತೋಟ ಇತ್ತಲ್ಲ" ಎಂದಳು ಅವನ ಬೆನ್ನಿಗೆ. "ಲದ್ದಿ ಹೊರ್ತಿದ್ರಲ್ಲ, ಚಿಕ್ಕಮುನಿಯಮ್ಮ ಅಂತ. ನಾನು ಅವರ ಮಗಳು. ನಂಗೆ ಲದ್ದಿ ಮುಟ್ಟೋಕಾಗಲ್ಲ. ಅದಕ್ಕೇ ಎತ್ತಲಿಲ್ಲ."

ಕೆಂಪರಾಜ್ ತಿರುಗಿದ. ಅವನ ಕಣ್ಣು ಅವಳ ಪಾದದಿಂದ ಮೇಲಕ್ಕೆ ಬಂತು, ಮುಖದಲ್ಲಿ ನಿಂತಿತು, ಇನ್ನಾರದೋ ಮುಖವನ್ನು ಅದರಲ್ಲಿ ಹುಡುಕಿ ಗುರುತು ಹಿಡಿಯಿತು.

"ಯಾರು, ಕೇರಿ ಚಿಕ್ಕಮುನಿನಾ? ಆ ಎತ್ತರದೋಳು?" ಮೊಬೈಲನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ. "ಅದಕ್ಕೇ" ಎಂದ. ಆಮೇಲೆ ಮತ್ತೊಮ್ಮೆ, ಏನೋ ಹಗುರಾದವನಂತೆ, "ಅದಕ್ಕೇ ಮತ್ತೆ. ಮೊದ್ಲೇ ಹೇಳಿದ್ರೆ ಅವನ್ನ ಯಾಕ್ ಕಳಿಸ್ತಿದ್ದೆ. ಬರೋಕ್ ಹೇಳ್ತೀನಿ ಬಿಡು."

ಇಂಜಿನಿಯರು ಹೇಳಿದಾಗ ನಂಬದವನು ಚಿಕ್ಕಮುನಿಯ ಮಗಳು ಎಂದೊಡನೆ ನಂಬಿದ. ತಪ್ಪು ಈಗ ಅದಕ್ಕೆ ಒಪ್ಪುವ ಮೈಯೊಂದನ್ನು ಹುಡುಕಿಕೊಂಡಿತ್ತು. ವಾಜಿದ್ ಬರುತ್ತಾನೆ, ಅದಕ್ಕೆ ಅಮ್ಮನ ಬುಟ್ಟಿಯನ್ನು ಈ ಅಂಗಳದಲ್ಲಿ ಇನ್ನೊಮ್ಮೆ ಇಳಿಸಬೇಕಾಯಿತು. ಆದರೆ ತಪ್ಪು ಅವಳದೇ ಆಗಿತ್ತಲ್ಲ. ಅವನು ನಂಬಿದ ಕಾರಣ ಹೊಲಸು, ನಂಬಿದ ಸಂಗತಿ ನಿಜ. ಎರಡನ್ನೂ ಬಿಡಿಸಲು ಆಗದೆ ಅವಳು ಲಾಯದೊಳಗೆ ನಡೆದಳು. ಮೊಳೆಯಿಂದ ವಾಜಿದ್‌ನ ಕೊಕ್ಕೆ ತೆಗೆದುಕೊಂಡಳು. ಬೇಗಂ ಕಿವಿ ತಿರುಗಿಸಿದಳು. ಹೆಗಲಿಗೆ ಹೆಗಲು ಒತ್ತಿ, ಅವನು ಹೇಳಿಕೊಟ್ಟಂತೆ ಕೈಯನ್ನು ಕಾಲಿನ ಹಿಂದೆ ಇಳಿಸುತ್ತ ಬಂದು, ಕಟ್ಟಿದ ಬಟ್ಟೆಯ ಮೇಲೆ ಹಿಡಿದೆತ್ತಿದಳು. ಬಟ್ಟೆ ಎಂಟು ದಿನದ ಲದ್ದಿಯಲ್ಲಿ ನೆನೆದು ಗಟ್ಟಿಯಾಗಿತ್ತು. ವಾಸನೆ ಮೂಗಿಗಿಂತ ಮೊದಲು ಹಣೆಗೆ ತಾಗಿತು.

ಬಾಗಿಲಿನಿಂದ ಕೆಂಪರಾಜನ ದನಿ. "ಹಂಗೇ, ಬಂದಿದೀಯಲ್ಲ, ಈ ಲಾಯನೂ ಒಂದ್ಸಲ ಬಳ್ದುಬಿಟ್ಟು ಹೋಗು. ಗುದ್ದಲಿ ಮೂಲೇಲದೆ."

ಕಾಲು ಆಗಲೇ ಅವಳ ಕೈಯಲ್ಲಿತ್ತು. ಅವನು ಹೇಳುವ ಮೊದಲು ಎತ್ತಿದ್ದಳು. ಈಗ ಅದು ಅವನು ಹೇಳಿ ಮಾಡಿಸಿದ ಕೆಲಸವಾಯಿತು. ಬಿಟ್ಟುಬಿಡಲೆ ಎಂದುಕೊಂಡಳು. ಬೇಗಂ ಅಷ್ಟರಲ್ಲಿ ನಿಟ್ಟುಸಿರು ಬಿಟ್ಟು, ನೋವಿನ ಕಾಲಿನ ಭಾರವನ್ನೆಲ್ಲ ಅವಳ ತೊಡೆಯ ಮೇಲೆ ಒರಗಿಸಿದಳು.

"ಫೋನ್ ಕೊಡಿ" ಎಂದಳು ತಲೆ ಎತ್ತದೆ. ಅವನು ಏನೂ ತೋಚದೆ ಮೊಬೈಲು ಚಾಚಿದ. ಬೂತಿನ ನಂಬರು ಬಾಯಿಪಾಠವಿತ್ತು. ಈ ಸಲ ಇಡಲಿಲ್ಲ. ಅಂಗಡಿಯವನು ಮೇಲಕ್ಕೆ ಕೂಗಿದ್ದು, ಮೆಟ್ಟಿಲ ಮೇಲೆ ನಿಧಾನದ ಹೆಜ್ಜೆ, ಕೆಮ್ಮು.

"ವಾಜಿದ್ ಭಾಯ್, ಯಶೋದ. ಅವತ್ತು ನಾನು ಒಂದು ಗೊರಸೂ ನೋಡಿರಲಿಲ್ಲ. ಸುಮ್ನೆ ಗೆರೆ ಎಳೆದೆ. ನಿಮ್ಮ ಕೈ ಏನೂ ಆಗಿಲ್ಲ. ಬುಧವಾರ ಹೇಳ್ಬೇಕು ಅಂತಲೇ ಬಂದಿದ್ದೆ."

ಲೈನು ಕಡಿಯಿತೋ ಎಂದು ಅವಳ ಕಿವಿ ವೃತ್ತಿಯ ಅಭ್ಯಾಸದಿಂದ ಆಲಿಸಿತು. ಲೈನು ಚೆನ್ನಾಗಿತ್ತು. ಆಚೆ ಬಸ್ಸಿನ ಸದ್ದು, ಉಸಿರು. ಆ ಉಸಿರು ಬೈಗುಳವಾಗಲಿ, ಬಿಡಿ ಮೇಡಂ ಎಂಬ ಸಮಾಧಾನವಾಗಲಿ ಎಂದು ಕಾದಳು. ಸಮಾಧಾನ ಬಂದೀತೆಂದೇ ಹೆಚ್ಚು ಹೆದರಿದ್ದಳು.

"ಎಲ್ಲಿದೀರಿ?" ಎಂದ ಕೊನೆಗೆ. ಮೇಡಂ ಎನ್ನಲಿಲ್ಲ.

"ಲಾಯದಲ್ಲಿ. ಕಾಲು ಹಿಡ್ಕೊಂಡಿದೀನಿ."

"ಬಟ್ಟೆ ಬಿಚ್ಚಿ. ಗ್ಲೌಸ್ ಹಾಕಿದ್ರೆ ತೆಗೀರಿ."

"ಹಾಕಿಲ್ಲ."

"ಅಂಗೈ ಇಡಿ. ಬಿಸಿ ಇದ್ಯಾ?"

ಮೊಬೈಲನ್ನು ಕಿವಿಗೂ ಹೆಗಲಿಗೂ ನಡುವೆ ಒತ್ತಿಹಿಡಿದು ಬಟ್ಟೆ ಬಿಚ್ಚಿದಳು. ಗಂಟು ಬಿಡದೆ ಉಗುರಿನಿಂದ ಕಿತ್ತಳು. ಹಸಿರು ನೀರು ಮಣಿಕಟ್ಟಿನವರೆಗೆ ಇಳಿಯಿತು. ಅಂಗೈಯನ್ನು ಗೊರಸಿನ ಮೇಲೆ ಒತ್ತಿ ಹಿಡಿದಳು.

"ಇದೆ."

"ಬಿಸಿನೀರು, ಉಪ್ಪು. ಬಕೀಟಲ್ಲಿ ಕಾಲು ಇಡ್ಸಿ. ನಾನು ಬಸ್ ಹಿಡೀತೀನಿ. ಅಲ್ಲೀವರ್ಗೂ ಬಿಟ್ಟು ಹೋಗ್ಬೇಡಿ." ಫೋನು ಇಟ್ಟ.

ಅವಳು ಮೊಬೈಲನ್ನು ಕೆಂಪರಾಜನ ಕಡೆ ಚಾಚಿದಳು. ಅದರ ಗುಂಡಿಗಳ ಮೇಲೆ ಲದ್ದಿ ಮೆತ್ತಿತ್ತು. ಅವನ ಕೈ ಮುಂದೆ ಬಂದು, ಅರ್ಧದಲ್ಲಿ ನಿಂತು, ಚಡ್ಡಿಯ ಜೇಬಿಗೆ ಹೋಯಿತು.

"ಅಲ್ಲೇ ಇಡು" ಎಂದ.

ಅವಳು ಅದನ್ನು ಲಾಯದ ಗಿಡ್ಡ ಬಾಗಿಲ ಅಂಚಿನ ಮೇಲೆ, ಸೀಮೆಸುಣ್ಣದ ತುಂಡಿನ ಪಕ್ಕದಲ್ಲಿ ಇಟ್ಟಳು. ಸ್ಲೇಟು ಒರೆಸಿತ್ತು. ಸಂಜೆ ಈ ಕೈಯನ್ನು ಎಷ್ಟು ತೊಳೆದರೂ ಅಮ್ಮನಿಗೆ ತಿಳಿಯುತ್ತದೆ. ಉಪ್ಪು ಎಲ್ಲಿದೆ ಎಂದು ಕೇಳಿದಳು, ಅವನು ಹೋಗಿಬಿಟ್ಟಿದ್ದ. ಬಸ್ಸು ಶಿವಾಜಿನಗರದಿಂದ ಬರಲು ಒಂದೂವರೆ ಗಂಟೆಯಾದರೂ ಬೇಕು. ಗೊರಸಿನ ಬಿಸಿ ಅವಳ ಅಂಗೈಗೆ ಏರುತ್ತಲೇ ಇತ್ತು.